ಕಣ್ಣು ಪಿಳುಕಿಸುವ ಮಗು



ಮಗು ಮೇಲಿಂದ ಮೇಲೆ ಕಣ್ಣು ಪಿಳುಕಿಸಿದರೆ ಶಹಾಬಾದಿನಲ್ಲಿ ಕಲ್ಲಿನ ಧೂಳು ಎನ್ನುತ್ತಾರೆ, ವಾಡಿಯಲ್ಲಿ ಸಿಮೆಂಟಿನ ಧೂಳು ಎನ್ನುತ್ತಾರೆ. ಇರಲೂಬಹುದು, ಮೊದಲು ಕಣ್ಣಿನ ಡಾಕ್ಟರಿಗೆ ತೋರಿಸಿರಿ. ಕಣ್ಣು ಸರಿಯಿದ್ದು, ಹೆಗಲು ಹಾರಿಸುವುದು, ಸುಮ್ಮಸುಮ್ಮನೆ ಗಂಟಲು ಸರಿಮಾಡಿಕೊಳ್ಳುವುದು ಸೇರಿಕೊಂಡರೆ ಅದು ‘ಟಿಕ್’ ಎಂಬ ನರಸಂಬಂಧಿ ತೊಂದರೆ ಇರಬಹುದು. ಅಂಗಚಲನೆ, ಧ್ವನಿ ಎರಡೂ ಇದ್ದು ವರ್ಷ ದಾಟಿದರೆ ಟುರೆಟ್ ಎನ್ನುತ್ತಾರೆ. ಮಗು ಬೇಕೆಂದು ಮಾಡುವುದಲ್ಲ, ಬೈದರೆ ಹೆಚ್ಚುತ್ತದೆ. (ಮಾಸ್ತರರಾದ ನಾವೂ ಇದನ್ನು ಕೇಳಿಸಿಕೊಳ್ಳಬೇಕು.)

ಇದು ವಂಶದಿಂದ ಬರುತ್ತದೆಯೇ? ಬಹುಪಾಲು ಹೌದು. 1985ರಲ್ಲಿ ಪ್ರಕಟವಾದ ಅವಳಿ ಮಕ್ಕಳ ಅಧ್ಯಯನದಲ್ಲಿ, ಒಬ್ಬರಿಗೆ ಟುರೆಟ್ ಇದ್ದಾಗ ತದ್ರೂಪಿ ಅವಳಿಗೂ ಇದ್ದದ್ದು ಶೇ. 53, ತದ್ರೂಪಿಗಳಲ್ಲದವರಲ್ಲಿ ಶೇ. 8. ತದ್ರೂಪಿಗಳಲ್ಲೂ ನೂರಕ್ಕೆ ನೂರು ಇಲ್ಲ ಎಂಬುದನ್ನು ಗಮನಿಸಿರಿ. ಸಾಮಾನ್ಯವಾಗಿ ತಂದೆ ತಾಯಿ ಇಬ್ಬರ ಕಡೆಯ ಅನೇಕ ಜೀನ್‌ಗಳ ಸಣ್ಣ ಸಣ್ಣ ಪಾಲು ಇದರಲ್ಲಿ ಕೂಡಿರುತ್ತದೆ. ಆದ್ದರಿಂದ ಸೇಡಂನಿಂದ ಬಂದ ಸೊಸೆಯ ಮೇಲೆ ಚಿತ್ತಾಪುರದ ಅತ್ತೆ ತಪ್ಪು ಹೊರಿಸುವುದಕ್ಕೆ ಆಧಾರವಿಲ್ಲ. ತನ್ನ ಮಗನೂ ಚಿಕ್ಕಂದಿನಲ್ಲಿ ಹೀಗೆ ಮಾಡುತ್ತಿದ್ದನೇ ಎಂದು ಆಕೆ ನೆನಪಿಸಿಕೊಳ್ಳಲಿ! ಆ ಹುಡುಗನ ಅಕ್ಕನನ್ನು ಚಿಂಚೋಳಿಗೆ ಕೊಡುವ ಮಾತು ಇದೇ ಕಾರಣಕ್ಕೆ ಮುರಿಯಬೇಕಿಲ್ಲ.

ಟಿಕ್ ಇದೆಯೋ ಇಲ್ಲವೋ ಎಂದು ತಿಳಿಸುವ ರಕ್ತಪರೀಕ್ಷೆ ಇಲ್ಲ, ಅದಕ್ಕೆ ಹಣ ಹಾಕಬೇಡಿರಿ. ಹದಿಹರೆಯ ಮುಗಿಯುವ ಹೊತ್ತಿಗೆ ಬಹಳ ಮಕ್ಕಳಲ್ಲಿ ತಾನೇ ತಗ್ಗುತ್ತದೆ. ಓದಿಗೆ ಅಡ್ಡಿಯಾದರೆ ಕಲಬುರಗಿಯ ಸರಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗಕ್ಕೆ ತೋರಿಸಿರಿ.