ಸೀತಾಳೆ ದಂಡೆ

ಮಲೆನಾಡಿನಲ್ಲಿ ಮುಂಗಾರಿನ ಮೊದಲ ಮಳೆಗಳು ಬಿದ್ದ ಕಾಲದಲ್ಲಿ, ಮಾವು ಹಲಸುಗಳ ಕೊಂಬೆಯಿಂದ ನಸುಗೆಂಪು ಹೂಗಳ ಮಾಲೆಗಳು ಜೋಲುವುದನ್ನು ಕಂಡವರು ಮರೆಯಲಾರರು. ಮೊಳದುದ್ದದ ಒಂದು ಗೊಂಚಲಿನಲ್ಲಿ ನೂರಕ್ಕೂ ಮಿಕ್ಕ ಹೂಗಳಿರುವುದುಂಟು. ಬಿಳಿಯ ಎಸಳಿನ ಮೇಲೆ ನೇರಳೆಯ ಚುಕ್ಕೆ. ಹತ್ತಿರ ಹೋದವರಿಗೆ ಮಾತ್ರ ತಿಳಿಯುವ ಮಂದವಾದ ಕಂಪು. ಇದೇ ಸೀತಾಳೆ ದಂಡೆ. ದಂಡೆಯೆಂದರೆ ಹೆಂಗಸರು ಮುಡಿಯುವ ಹೂಮಾಲೆ. ವನವಾಸದ ಸೀತಾದೇವಿಯ ಮುಡಿಗೆ ಒಪ್ಪುವ ಆಭರಣವೆಂದು ಹೆಸರೇ ಸಾರುತ್ತದೆ.

ಸಸ್ಯಶಾಸ್ತ್ರಜ್ಞರು ಇದನ್ನು ರಿಂಕೋಸ್ಟೈಲಿಸ್ ರೆಟ್ಯೂಸ ಎಂದು ಕರೆಯುತ್ತಾರೆ. ಲಿನೇಯಸ್ ಪಂಡಿತನು 1753 ರಲ್ಲಿಯೇ ಇದನ್ನು ಬೇರೊಂದು ಕುಲದ ಹೆಸರಿನಲ್ಲಿ ವರ್ಣಿಸಿದ್ದನು. ನಮಗೇನೋ ಮಲೆನಾಡಿಗರ ಹೆಸರೇ ಹಿತ.

ಮರದ ಮೇಲೆ ಬೆಳೆಯುವುದೆಂಬ ಒಂದೇ ಕಾರಣಕ್ಕೆ ಇದನ್ನು ಬಂದಳಿಕೆಯ ಸಾಲಿಗೆ ಸೇರಿಸುವವರುಂಟು. ಇದು ಅನ್ಯಾಯವಾದ ಮಾತು. ಬಂದಳಿಕೆಯು ಮರದೊಳಕ್ಕೆ ಬೇರಿಳಿಸಿ ಅದರ ರಸವನ್ನು ಹೀರುತ್ತದೆ. ಸೀತಾಳೆ ದಂಡೆಯು ತೊಗಟೆಯನ್ನು ಹಿಡಿದು ನಿಲ್ಲುತ್ತದೆ, ಅಷ್ಟೆ. ಅದರ ದಪ್ಪನಾದ ಬೇರುಗಳ ಮೇಲೆ ಸ್ಪಂಜಿನಂತಹ ಬಿಳಿಯ ಹೊದಿಕೆಯಿದ್ದು, ಮಳೆಯ ನೀರನ್ನೂ ಅದರಲ್ಲಿ ಕರಗಿದ ಅಲ್ಪಸ್ವಲ್ಪ ಸಾರವನ್ನೂ ಹೀರಿಕೊಳ್ಳುತ್ತದೆ. ಉಳಿದ ಆಹಾರವನ್ನು ಹಸಿರೆಲೆಗಳು ಬಿಸಿಲಿನಲ್ಲಿ ತಾವೇ ಸಿದ್ಧಪಡಿಸುತ್ತವೆ. ಆಶ್ರಯವನ್ನು ಪಡೆದೂ ಆಶ್ರಯದಾತನ ಅನ್ನಕ್ಕೆ ಕೈಯಿಕ್ಕದ ಈ ಬಾಳನ್ನು ನೋಡಿದಾಗ, ಕಾಡಿನಲ್ಲಿ ದೊರೆತಷ್ಟರಲ್ಲಿ ದಿನ ಕಳೆದ ಆ ಸಾಧ್ವಿಯ ಹೆಸರು ಇದಕ್ಕೆ ಎಷ್ಟು ಉಚಿತವಾಗಿದೆಯೆಂದು ನಮಗೆ ತೋರುತ್ತದೆ.

ಈ ಹೂವನ್ನು ಮುಡಿಯುವವರು ದೂರದ ಅಸ್ಸಾಮಿನಲ್ಲಿಯೂ ಇದ್ದಾರೆ. ಅಲ್ಲಿ ಇದರ ಹೆಸರು ಕೊಪೌ. ಏಪ್ರಿಲ್ ತಿಂಗಳ ಬಿಹು ಹಬ್ಬದಲ್ಲಿ ಕುಣಿಯುವ ಹೆಣ್ಣುಮಕ್ಕಳ ತುರುಬಿಗೆ ಇದೇ ಶೃಂಗಾರ. ವಸಂತದ ಹೂವಾಗಿ, ಒಲವಿನ ಕುರುಹಾಗಿ ಅವರು ಇದನ್ನು ಮನ್ನಿಸುತ್ತಾರೆ. ಇದು ಆ ರಾಜ್ಯದ ಪುಷ್ಪವೂ ಆಗಿದೆ.

ಪಟ್ಟಣದಲ್ಲಿಯೂ ಇದನ್ನು ಬೆಳೆಸಬಹುದು. ಆದರೆ ಕಾಡಿನಿಂದ ಕಿತ್ತು ತರುವುದು ಸರ್ವಥಾ ಕೂಡದು. ಧೂಳಿನಷ್ಟು ಸಣ್ಣದಾದ ಇದರ ಬೀಜದಲ್ಲಿ ಮೊಳಕೆಗೆ ಬೇಕಾದ ಬುತ್ತಿಯಿಲ್ಲ; ತಕ್ಕ ಶಿಲೀಂಧ್ರವೊಂದರ ನೆರವು ದೊರೆತರೆ ಮಾತ್ರ ಅದು ಕಾಡಿನಲ್ಲಿ ಮೊಳೆಯುತ್ತದೆ, ಹೂ ಬಿಡಲು ಮತ್ತೆ ಹಲವು ವರ್ಷಗಳು ಬೇಕು. ಒಂದು ನಿಮಿಷದಲ್ಲಿ ಕಿತ್ತದ್ದನ್ನು ಕಾಡು ಅಷ್ಟು ಸುಲಭವಾಗಿ ತುಂಬಿಕೊಳ್ಳಲಾರದು. ತೋಟಗಾರರು ಬೆಳೆಸಿ ಮಾರುವ ಸಸಿಗಳನ್ನೇ ಕೊಳ್ಳತಕ್ಕದ್ದು.

ಮಣ್ಣಿನಲ್ಲಿ ನೆಟ್ಟರೆ ಬೇರು ಕೊಳೆಯುವುದು. ಮರದ ಪಟ್ಟಿಗಳ ಬುಟ್ಟಿಯಲ್ಲಿ ಇದ್ದಲಿನ ಚೂರು, ಇಟ್ಟಿಗೆಯ ಚೂರುಗಳನ್ನು ಹಾಕಿ ಕೂರಿಸಬೇಕು. ಅಂಗಳದಲ್ಲಿ ಮಾವಿನ ಮರವಿದ್ದರೆ ಅದರ ಕೊಂಬೆಗೆ ನಾರಿನಿಂದ ಕಟ್ಟುವುದು ಇನ್ನೂ ಲೇಸು. ಗಾಳಿ ಧಾರಾಳವಾಗಿರಲಿ, ಬಿಸಿಲು ಎಲೆಗಳ ನಡುವೆ ಸೋಸಿ ಬರಲಿ. ನೀರಿನ ಲೆಕ್ಕವನ್ನು ಬೇರೇ ಹೇಳುತ್ತದೆ: ನೆನೆದಾಗ ಹಸಿರು, ಒಣಗಿದಾಗ ಬೆಳ್ಳಿಯ ಬಿಳುಪು. ಬಿಳುಪಾದ ಮೇಲೆ ಬೆಳಗಿನ ಹೊತ್ತು ನೀರೆರೆದರೆ ಸಾಕು. ಎಲೆಗಳ ಕಂಕುಳಲ್ಲಿ ನೀರು ನಿಲ್ಲಬಾರದು. ಚಳಿಗಾಲದಲ್ಲಿ ನೀರನ್ನು ಕಡಿಮೆ ಮಾಡಬೇಕು. ಒಮ್ಮೆ ಬೇರು ಹಿಡಿದ ಗಿಡವನ್ನು ಪದೇ ಪದೇ ಕದಲಿಸುವವರಿಗೆ ಅದು ಬೇಗನೆ ಹೂ ಕೊಡುವುದಿಲ್ಲ.