ತೋಳವನ್ನು ಕರೆಸಿದವರು, ರಾತ್ರಿ ಕಾಯುವವರು

(ಕಾರ್ಮಿಕರ ಮತ್ತು ಸಣ್ಣ ವರ್ತಕರ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)



ಅಮೆರಿಕದ ತೋಳಕ್ಕೂ ನಮ್ಮ ಮಿಲ್ಲಿನ ಕೆಲಸಗಾರನಿಗೂ ಏನು ಸಂಬಂಧವೆಂದು ನಿಮ್ಮಲ್ಲಿ ಕೆಲವರು ಈಗಾಗಲೇ ನಗುತ್ತಿದ್ದೀರಿ. ನಗಿರಿ, ಅಡ್ಡಿಯಿಲ್ಲ. ಆದರೆ ಒಂದು ಕೆಲಸ ಆಗಬೇಕೆಂದು ತೀರ್ಮಾನಿಸುವವರು ಒಬ್ಬರು, ಅದಕ್ಕಾಗಿ ನಿದ್ದೆಗೆಡುವವರು ಇನ್ನೊಬ್ಬರು ಎಂಬುದು ನಮಗೇನೂ ಹೊಸ ಸಂಗತಿಯಲ್ಲ. ತೋಳದ ಜಗಳವೂ ಆ ಜಾತಿಯದೇ.

ಮೊದಲು ತೋಳವನ್ನು ಕೊಂದವರು ಯಾರೆಂದು ನೋಡೋಣ. ಅಮೆರಿಕದ ಪಶ್ಚಿಮ ಸೀಮೆಯಲ್ಲಿ ಬಿಳಿಯರು ಕಾಡುದನಗಳನ್ನು ಹೊಡೆದು ಮುಗಿಸಿದರು; ಆ ಹುಲ್ಲುಗಾವಲಿನಲ್ಲಿ ತಮ್ಮ ದನ, ಕುರಿಗಳನ್ನು ತಂದು ಬಿಟ್ಟರು. ಹಸಿದ ತೋಳ ದನಕ್ಕೆ ಬಾಯಿ ಹಾಕಿತು. ತಲೆಗಿಷ್ಟೆಂದು ಇನಾಮು ಕಟ್ಟಿದರು, ವಿಷವಿಟ್ಟರು. 1915ರಿಂದ ಕೇಂದ್ರ ಸರಕಾರವೇ ಸಂಬಳ ಕೊಟ್ಟು ಬೇಟೆಗಾರರನ್ನಿಟ್ಟಿತು. ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದೊಳಗಿನ ಕೊನೆಯ ತೋಳಗಳನ್ನು 1926ರಲ್ಲಿ ಕೊಂದವರು ಉದ್ಯಾನದ ನೌಕರರೇ. ಕೊಲರಾಡೋ ರಾಜ್ಯದಲ್ಲಿ 1940ರ ದಶಕದ ಹೊತ್ತಿಗೆ ತೋಳವೆಂಬುದು ಅಜ್ಜಂದಿರ ಕಥೆಯಾಯಿತು.

ಅದೇ ಸರಕಾರ 1973ರಲ್ಲಿ ಅಳಿಯುತ್ತಿರುವ ಜೀವಿಗಳನ್ನು ಉಳಿಸುವ ಕಾಯಿದೆ ಮಾಡಿತು. ಮುಂದೆ ಇಪ್ಪತ್ತು ವರ್ಷಕ್ಕೂ ಮಿಕ್ಕಿ ವಾದವಿವಾದ ನಡೆದು, 1995ರ ಜನವರಿಯಲ್ಲಿ ಕೆನಡಾದ ಆಲ್ಬರ್ಟಾದಿಂದ 14 ತೋಳಗಳನ್ನು ಪೆಟ್ಟಿಗೆಗಳಲ್ಲಿ ತುಂಬಿ ಯೆಲ್ಲೋಸ್ಟೋನಿಗೆ ತಂದರು. ಮರುವರ್ಷ ಬ್ರಿಟಿಷ್ ಕೊಲಂಬಿಯಾದಿಂದ 17. ಪಕ್ಕದ ಐಡಾಹೋ ರಾಜ್ಯದ ಕಾಡಿಗೆ ಎರಡು ವರ್ಷದಲ್ಲಿ 35. ಐಡಾಹೋ ಶಾಸನಸಭೆಯವರು ತಮ್ಮ ಇಲಾಖೆ ಈ ಕೆಲಸಕ್ಕೆ ಕೈ ಹಾಕಕೂಡದೆಂದರು. ಆಗ ಉಸ್ತುವಾರಿ ಹೊತ್ತವರು ನೆಜ್ ಪರ್ಸ್ ಎಂಬ ಮೂಲನಿವಾಸಿ ಜನ. ನೆಲದಿಂದ ಓಡಿಸಿಕೊಂಡವರೇ ನೆಲದಿಂದ ಓಡಿಸಿದ ಪ್ರಾಣಿಯನ್ನು ಕಾದರು. ಇದನ್ನು ನಾವು ಮರೆಯಬಾರದು. ದನದ ಒಡೆಯರ ಪರವಾಗಿ ಮೊಕದ್ದಮೆ ಹೂಡಲಾಯಿತು. ತಂದ ತೋಳಗಳನ್ನು ತೆಗೆಯಿರೆಂದು 1997ರಲ್ಲಿ ಒಂದು ಕೋರ್ಟು ಹೇಳಿತು, ಮೇಲಿನ ಕೋರ್ಟು 2000ದಲ್ಲಿ ಆ ತೀರ್ಪನ್ನು ತಳ್ಳಿಹಾಕಿತು. ತೋಳ ಉಳಿಯಿತು, ಬೆಳೆಯಿತು. ಎಲ್ಕ್ ಎಂಬ ದೊಡ್ಡ ಜಿಂಕೆಗಳು ಕಡಿಮೆಯಾದುವು. ಅವು ಬೋಳಿಸಿದ್ದ ಹೊಳೆದಂಡೆಯ ಗಿಡಗಳು ಕೆಲವೆಡೆ ಚಿಗುರಿದುವು. ಇದರಲ್ಲಿ ತೋಳದ ಪಾಲೆಷ್ಟು, ಕರಡಿಯ ಪಾಲೆಷ್ಟು, ಬೇಟೆಗಾರರ ಪಾಲೆಷ್ಟು ಎಂಬುದರಲ್ಲಿ ವಿಜ್ಞಾನಿಗಳಲ್ಲೇ ಒಮ್ಮತವಿಲ್ಲ. ತೋಳವೊಂದೇ ಬಂದು ನದಿಯನ್ನೇ ತಿರುಗಿಸಿತೆಂಬ ಮಾತು ಜಾಹೀರಾತಿನ ಮಾತು.

ಯೆಲ್ಲೋಸ್ಟೋನ್ ಉದ್ಯಾನದೊಳಗೆ ದನ ಮೇಯುವುದಿಲ್ಲ. ಆದುದರಿಂದ ನಿಜವಾದ ಪರೀಕ್ಷೆ ನಡೆದುದು ಕೊಲರಾಡೋದಲ್ಲಿ. ತೋಳವನ್ನು ತರಬೇಕೇ ಬೇಡವೇ ಎಂದು ಅಲ್ಲಿ 2020ರ ನವೆಂಬರಿನಲ್ಲಿ ಜನರ ಮತವನ್ನೇ ಕೇಳಿದರು. ಬೇಕೆಂದವರು ನೂರಕ್ಕೆ 51ಕ್ಕೆ ತುಸು ಕಡಿಮೆ, ಬೇಡವೆಂದವರು 49ಕ್ಕೆ ತುಸು ಹೆಚ್ಚು. ಬೇಕೆಂಬ ಮತ ಹೆಚ್ಚಾಗಿ ಬಿದ್ದುದು ಪೂರ್ವದ ಡೆನ್ವರ್, ಬೋಲ್ಡರ್ ನಗರಗಳ ಕಡೆ. ತೋಳಗಳನ್ನು ಬಿಡಬೇಕಾದುದು ಪರ್ವತಸಾಲಿನ ಪಶ್ಚಿಮಕ್ಕೆ; ಅಲ್ಲಿನ ಹೆಚ್ಚಿನ ಹಳ್ಳಿಗಾಡು ಬೇಡವೆಂದಿತ್ತು. ನಗರದವರ ಮತ ಕಡಿಮೆ ಮತವೆಂದು ನಾವು ಹೇಳುವುದಿಲ್ಲ. ಕಾಡು ಎಲ್ಲರದು, ಬಹುಮತ ಬಹುಮತವೇ. ಆದರೆ ಚೀಟಿ ಹಾಕಿ ಮನೆಗೆ ಹೋದವನ ಲೆಕ್ಕ ಅಲ್ಲಿಗೆ ಮುಗಿಯಿತು. ದೊಡ್ಡಿ ಕಾಯುವವನ ಲೆಕ್ಕ ಅಲ್ಲಿಂದ ಶುರುವಾಯಿತು.

2023ರ ಡಿಸೆಂಬರಿನಲ್ಲಿ ಒರೆಗಾನ್ ರಾಜ್ಯದಿಂದ 10 ತೋಳಗಳು ಬಂದುವು. ಅವುಗಳಲ್ಲಿ ಕೆಲವು ಅಲ್ಲಿಯೇ ದನ ಹಿಡಿದು ಕೆಟ್ಟ ಹೆಸರು ಪಡೆದಿದ್ದ ಹಿಂಡಿನವು! 2024ರ ಏಪ್ರಿಲಿನಲ್ಲಿ ಗ್ರಾಂಡ್ ಜಿಲ್ಲೆಯಲ್ಲಿ ದನಗಳು ಸಾಯತೊಡಗಿದುವು. ಹೊಸದಾಗಿ ಮರಿ ಹಾಕಿದ ಒಂದು ಜೋಡಿಯ ಮೇಲೆ ದೂರು ಬಂತು. ಸರಕಾರ ಏನು ಮಾಡಿತು? ಗಲಾಟೆ ಮಾಡುವ ಅಧಿಕಾರಿಯನ್ನು ನಮ್ಮಲ್ಲಿ ಬೇರೆ ತಾಲೂಕಿಗೆ ವರ್ಗ ಮಾಡುತ್ತಾರಲ್ಲ, ಹಾಗೆ ಸಂಸಾರವನ್ನೇ ಹಿಡಿದು ಸಾಗಿಸಿತು. ಗಂಡು ಹಿಡಿದ ಕೆಲವೇ ದಿನಗಳಲ್ಲಿ ಸತ್ತಿತು. ಮೈಯಲ್ಲಿ ಗುಂಡಿನ ಗಾಯವಿತ್ತು. ಹೆಣ್ಣನ್ನೂ ಮರಿಗಳನ್ನೂ 2025ರ ಜನವರಿಯಲ್ಲಿ ಬೇರೆ ಕಡೆ ಬಿಟ್ಟರು. ಮೇ ತಿಂಗಳಲ್ಲಿ ಪಿಟ್ಕಿನ್ ಜಿಲ್ಲೆಯಲ್ಲಿ ಮತ್ತೆ ದನ ಸತ್ತುವು. ಆ ಮರಿಗಳಲ್ಲೊಂದನ್ನು ಸರಕಾರವೇ ಕೊಂದಿತು. ಈ ಅನುಭವ ಹೊಸದೇನಲ್ಲ. 1989ರಿಂದ 2002ರ ವರೆಗೆ ವಾಯವ್ಯ ಸೀಮೆಯಲ್ಲಿ ಹೀಗೆ ಸಾಗಿಸಿದ 88 ತೋಳಗಳ ಲೆಕ್ಕ ತೆಗೆದಾಗ, ಕಾಲು ಭಾಗಕ್ಕೂ ಹೆಚ್ಚಿನವು ಮತ್ತೆ ದನಕುರಿಗೆ ಬಿದ್ದಿದ್ದುವು. ಬಹುಪಾಲಿಗೆ ಹಿಂಡೇ ಸಿಗಲಿಲ್ಲ. ಎಲ್ಲಿ ಬಿಟ್ಟರೂ ಹಳೆಯ ನೆಲದ ಕಡೆಗೇ ಮುಖ ತಿರುಗಿಸುವುದು ಅದರ ಸ್ವಭಾವ.

ಹಾಗಾದರೆ ದನದ ಒಡೆಯರ ಅಳಲೆಲ್ಲ ಸತ್ಯವೇ? ಪೂರ್ತಿ ಅಲ್ಲ. ಅವರಲ್ಲಿ ಹಲವರು ಮೇಯಿಸುವುದು ಸರಕಾರಿ ನೆಲದಲ್ಲಿ. 2019ರಿಂದ 2025ರ ವರೆಗೆ ಒಂದು ಹಸು, ಅದರ ಕರುವಿಗೆ ತಿಂಗಳಿಗೆ ಕೊಟ್ಟ ಹುಲ್ಲುಬನ್ನಿ 1 ಡಾಲರು 35 ಸೆಂಟು. ಅಂಥ ನೆಲದಲ್ಲಿ ತೋಳಕ್ಕೆ ಪಾಲೇ ಇಲ್ಲವೆನ್ನುವುದು ಜುಲುಮೆ. ತೋಳ ಕೊಂದ ಒಂದು ದನಕ್ಕೆ ಕೊಲರಾಡೋ ಸರಕಾರ 15,000 ಡಾಲರಿನ ವರೆಗೆ ಪರಿಹಾರ ಕೊಡುತ್ತದೆ. ಆದರೆ ಹೆಣ ಸಿಕ್ಕಬೇಕು, ರುಜುವಾಗಬೇಕು. ಗುಡ್ಡದಲ್ಲಿ ಕಳೆದುಹೋದ ಕರು, ಹೆದರಿ ಮೈ ಹಿಡಿಯದ ದನ, ಇವುಗಳ ಲೆಕ್ಕದಲ್ಲೇ ತಕರಾರು. ಉದ್ದರಿ ಕೊಟ್ಟು ವಸೂಲಿಗೆ ಅಲೆದ ವರ್ತಕ ಮಿತ್ರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಎರಡು ಪಕ್ಷಗಳ ಗದ್ದಲದಲ್ಲಿ ಮೂರನೆಯವನೊಬ್ಬನ ಹೆಸರೇ ಕೇಳಿಬರುವುದಿಲ್ಲ. ಆ ಬೆಟ್ಟಗಳಲ್ಲಿ ಕುರಿ ಕಾಯುವವರಲ್ಲಿ ಬಹುಮಂದಿ ದಕ್ಷಿಣ ಅಮೆರಿಕದ ಪೆರು ದೇಶದಿಂದ ಗಡುವಿನ ಪರವಾನಗಿಯ ಮೇಲೆ ಬಂದ ಕೂಲಿಕಾರರು. ಪುಟ್ಟ ಗಾಡಿಯಲ್ಲೇ ವಾಸ. ಹಗಲೂ ರಾತ್ರಿ ಕರೆದಾಗ ಏಳಬೇಕು. ಕೂಲಿ ಗಂಟೆಗಲ್ಲ, ತಿಂಗಳಿಗೆ. 2015ರಲ್ಲಿ ಹೊಸ ನಿಯಮ ಬರುವ ವರೆಗೆ ಹಲವು ರಾಜ್ಯಗಳಲ್ಲಿ ಅವರ ಸಂಬಳ ತಿಂಗಳಿಗೆ 750 ಡಾಲರು. ತೋಳ ಬಂತೆಂದರೆ ಮೊದಲು ಏಳುವವನು ಇವನು. ಹಗ್ಗಕ್ಕೆ ಕೆಂಪು ಬಟ್ಟೆಯ ಪಟ್ಟಿ ಕಟ್ಟಿ ದೊಡ್ಡಿಯ ಸುತ್ತ ಎಳೆಯುವವನು, ನಾಯಿಗಳಿಗೆ ಅನ್ನ ಹಾಕುವವನು ಇವನು. ಆ ಪಟ್ಟಿಗೆ ತೋಳ ಕೆಲವು ವಾರ ಹೆದರುತ್ತದೆ, ಆಮೇಲೆ ಅಭ್ಯಾಸವಾಗುತ್ತದೆ. ಮತ್ತೆ ಮನುಷ್ಯನೇ ಎಚ್ಚರವಿರಬೇಕು. ಸತ್ತ ಕುರಿಯ ಪರಿಹಾರ ಒಡೆಯನಿಗೆ. ಕೆಟ್ಟ ನಿದ್ದೆಯ ಪರಿಹಾರ ಯಾರಿಗೆ? ರಾತ್ರಿ ಪಾಳಿಯ ಭತ್ಯಕ್ಕಾಗಿ ಹೋರಾಡಿದ ನಾವು ಈ ಪ್ರಶ್ನೆ ಕೇಳದಿದ್ದರೆ ಇನ್ನಾರು ಕೇಳಬೇಕು?

ತೋಳ ಬರಲಿ ಎಂಬುದೇ ನಮ್ಮ ಅಭಿಪ್ರಾಯ. ಸಾರ್ವಜನಿಕ ಹಣದಿಂದ ಕೊಂದುದನ್ನು ಸಾರ್ವಜನಿಕ ಹಣದಿಂದ ತರುವುದು ನ್ಯಾಯವೇ. ಆದರೆ ಪೆಟ್ಟಿಗೆಯ ಬಾಗಿಲು ತೆಗೆಯುವ ಮೊದಲು ಕಾವಲುಗಾರನ ಸಂಬಳ ತೆಗೆದಿಡಬೇಕು. ಕೊಲರಾಡೋ ಕುದುರೆ ಸವಾರರ ಕಾವಲನ್ನು ವ್ಯವಸ್ಥೆಗೆ ತಂದುದು 2025ರಲ್ಲಿ, ತೋಳ ಬಂದು ವರ್ಷ ಕಳೆದ ಮೇಲೆ.

ನಮ್ಮ ನಾಡಿನ ಮಾತೂ ಒಂದಿಷ್ಟಿದೆ. ಇಲ್ಲಿ ತೋಳ ಪೆಟ್ಟಿಗೆಯಲ್ಲಿ ಬಂದುದಲ್ಲ. ಬಯಲುಸೀಮೆ ಬಿಟ್ಟು ಹೋಗಲೇ ಇಲ್ಲ. ಮೇಲುಕೋಟೆಯಲ್ಲಿ 1974ರಲ್ಲೇ ಅದಕ್ಕೆಂದು ಅಭಯಾರಣ್ಯವಾಯಿತು. ಈಚೆಗೆ ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ ತೋಳಧಾಮವಾಗಿದೆ. ತೋಳಕ್ಕೆ ಗಡಿಕಲ್ಲು ಓದಲು ಬರುವುದಿಲ್ಲ. ಅದರ ಊಟದಲ್ಲಿ ಕುರಿ, ಮೇಕೆಯ ಪಾಲು ದೊಡ್ಡದು. ಅಂದರೆ ನಮ್ಮ ತೋಳವನ್ನು ಸಾಕುತ್ತ ಬಂದವರು ಕುರುಬರೇ. ಅವರು ಹಿಂಡಿನೊಂದಿಗೆ ಊರಿಂದೂರಿಗೆ ನಡೆಯುವವರು. ಸತ್ತ ಕುರಿಯ ಪಕ್ಕ ಪಂಚನಾಮೆಗೆ ಕಾದು ಕೂತರೆ ಬದುಕಿದ ಕುರಿಗಳಿಗೆ ಉಪವಾಸ. ಪಂಚನಾಮೆ ಮರುದಿನದೊಳಗೆ ಹಿಂಡು ಇದ್ದಲ್ಲಿಗೇ ಬರಬೇಕು, ಹಣ ತಿಂಗಳೊಳಗೆ ಕೈಗೆ ಸಿಕ್ಕಬೇಕು. ಈ ಎರಡು ಬೇಡಿಕೆಗಳ ಅರ್ಜಿಯನ್ನು ಕೂಟದ ಕಡೆಯಿಂದ ಜಿಲ್ಲಾಧಿಕಾರಿಗೆ ಕೊಡೋಣವೆಂದು ನಮ್ಮ ಸೂಚನೆ.

ಇನ್ನು ಪ್ರಶ್ನೆಗಳಿದ್ದರೆ ಕೇಳಬಹುದು. ರಾತ್ರಿ ಪಾಳಿಗೆ ಹೋಗಬೇಕಾದವರು ಮೊದಲು ಕೇಳಲಿ.