ಅಶ್ವಾರೋಹಣವೂ ದಾಸೋಹವೂ



ದಾಸೋಹವೆಂದೊಡನೆ ಭಕ್ತರ ಮನಸ್ಸಿಗೆ ಮೊದಲು ತೋರುವುದು ಅನ್ನ. ಆ ಬಳಿಕ ವಿದ್ಯೆ. ಹಸಿದ ಮಗುವಿಗೆ ಪ್ರಸಾದವನ್ನೂ ನೆಲೆಯಿಲ್ಲದ ಮಗುವಿಗೆ ವಿದ್ಯಾರ್ಥಿನಿಲಯವನ್ನೂ ಒದಗಿಸಿದುದರಿಂದ ಮಠಗಳ ಕೀರ್ತಿಯು ನಾಡಿನಲ್ಲಿ ಹಬ್ಬಿರುವುದಷ್ಟೆ. ಆದರೆ ಅನ್ನಾಕ್ಷರಗಳನ್ನು ಪಡೆದ ಮಗುವಿಗೂ ಇನ್ನೊಂದು ಹಸಿವುಂಟು. ಉಳ್ಳವರ ಮಕ್ಕಳಿಗೆ ಸಹಜವಾಗಿ ದೊರೆಯುವ ಆಟವೂ ಸಾಹಸವೂ ತನಗೂ ದೊರೆಯಬೇಕೆಂಬುದೇ ಆ ಹಸಿವು. ಬಡಮಕ್ಕಳ ಕುದುರೆಸವಾರಿಗೆ ಧನಸಹಾಯ ಮಾಡುವ ಪದ್ಧತಿಯನ್ನು ಈ ದೃಷ್ಟಿಯಿಂದ ವಿಚಾರಿಸುವುದು ಯುಕ್ತವಾಗಿದೆ.

ಆಂಗ್ಲರ ನಾಡಿನಲ್ಲಿ ಸವಾರಿಯ ಕಲಿಕೆಯು ಬಹುಕಾಲದಿಂದ ಹಣವುಳ್ಳವರ ವಿನೋದವೆನಿಸಿದೆ. ಅಲ್ಲಿಯ ರಾಜಧಾನಿಯಾದ ಲಂಡನ್ನಿನ ದಕ್ಷಿಣ ಭಾಗದಲ್ಲಿ ಬ್ರಿಕ್ಸ್‌ಟನ್ ಎಂಬ ಜನನಿಬಿಡವಾದ ಕೇರಿಯಿದೆ. ಅಲ್ಲಿಯ ಬಡಕುಟುಂಬಗಳ ಮಕ್ಕಳಿಗಾಗಿ 1996ರಲ್ಲಿ ಎಬೊನಿ ಹಾರ್ಸ್ ಕ್ಲಬ್ ಎಂಬ ಧರ್ಮಸಂಸ್ಥೆಯು ಸ್ಥಾಪಿತವಾಯಿತು. ಮೊದಲಲ್ಲಿ ಸ್ವಂತ ಲಾಯವಿಲ್ಲದೆ ಮಕ್ಕಳನ್ನು ಬೇರೆಡೆಗೆ ಕರೆದೊಯ್ದು ಕಲಿಸಬೇಕಾಗಿತ್ತು. 2011ರಲ್ಲಿ ಅದೇ ಪ್ರದೇಶದಲ್ಲಿ ಸ್ವಂತ ಲಾಯವು ತೆರೆಯಲ್ಪಟ್ಟಿತು. ದಾನಿಗಳ ದ್ರವ್ಯವು ಸವಾರಿಯ ಶುಲ್ಕಭಾರವನ್ನು ಇಳಿಸಿ, ಲಾಯದ ಬಾಗಿಲನ್ನು ಬಡವರಿಗೂ ತೆರೆಯಿತು.

ಅಲ್ಲಿಗೆ ಬಂದ ಮಗುವು ಜೀನಿನ ಮೇಲೆ ಕುಳಿತು ಸುತ್ತಿ ಬರುವುದಷ್ಟರಿಂದಲೇ ತೃಪ್ತವಾಗುವಂತಿಲ್ಲ. ಲದ್ದಿಯನ್ನು ಬಳಿಯಬೇಕು, ಕುದುರೆಯ ಮೈಯುಜ್ಜಬೇಕು, ಗೊರಸಿನ ಕೆಸರನ್ನು ತೆಗೆಯಬೇಕು. ಸಹಾಯವನ್ನು ಪಡೆಯುವ ಮಗುವು ಹೀಗೆ ತಾನೂ ಕಾಯಕ ಮಾಡುವುದರಿಂದ, ಪಡೆದುದರಲ್ಲಿ ದೈನ್ಯವುಳಿಯದು. ಕುದುರೆಗೆ ಸವಾರನ ಕುಲವೂ ತಿಳಿಯದು, ತಂದೆಯ ಸಂಪಾದನೆಯೂ ತಿಳಿಯದು. ಲಗಾಮು ಹಿಡಿದ ಕೈಯ ಸ್ಥೈರ್ಯವನ್ನೂ ಮನಸ್ಸಿನ ಶಾಂತಿಯನ್ನೂ ಮಾತ್ರ ಅದು ಬಲ್ಲುದು.

ಇದೇ ಸಂಸ್ಥೆಯಲ್ಲಿ ಸವಾರಿ ಕಲಿತ ಖದೀಜಾ ಮೆಲ್ಲಾ ಎಂಬ ಮುಸಲ್ಮಾನ ತರುಣಿಯು, 2019ನೆಯ ಆಗಸ್ಟ್ 1ರಂದು, ತನ್ನ 18ನೆಯ ವಯಸ್ಸಿನಲ್ಲಿ, ಗುಡ್‌ವುಡ್ಡಿನ ಮ್ಯಾಗ್ನೋಲಿಯಾ ಕಪ್ ಪಂದ್ಯವನ್ನು ಗೆದ್ದಳು. ಧರ್ಮಕಾರ್ಯಕ್ಕೆ ಹಣ ಕೂಡಿಸುವುದಕ್ಕಾಗಿ ಸ್ತ್ರೀಯರು ಓಡಿಸುವ ಪಂದ್ಯವದು. ಪಂದ್ಯದ ಕುದುರೆಯನ್ನು ಆಕೆ ಮೊದಲು ಏರಿದುದು ಅದಕ್ಕೆ ಕೆಲವೇ ತಿಂಗಳ ಹಿಂದೆ. ಲಾಯಕ್ಕೆ ಬರುವ ಮಕ್ಕಳೆಲ್ಲರೂ ಹೀಗೆ ಗೆಲ್ಲಲಾರರು. ಗೆಲ್ಲಬೇಕೆಂಬ ನಿಯಮವೂ ಇಲ್ಲ. ತನ್ನ ಹತ್ತರಷ್ಟು ತೂಕದ ಪ್ರಾಣಿಯನ್ನು ಭಯವಿಲ್ಲದೆ, ಹಿಂಸೆಯಿಲ್ಲದೆ ನಡೆಸಿದ ಮಗುವಿನಲ್ಲಿ ಮೂಡುವ ಆತ್ಮವಿಶ್ವಾಸವೇ ದೊಡ್ಡ ಫಲ.

"ಅನ್ನವಿಲ್ಲದವರಿಗೆ ಕುದುರೆಯೇಕೆ?" ಎಂದು ಆಕ್ಷೇಪಿಸುವವರುಂಟು. ಆಕ್ಷೇಪವು ನ್ಯಾಯವಾದುದೇ. ಅನ್ನಕ್ಕೆ ಮೀಸಲಾದುದನ್ನು ಕಿತ್ತು ಲಾಯಕ್ಕೆ ಕೊಡತಕ್ಕದ್ದಲ್ಲ. ಆದರೆ ಬಡವನ ಮಗುವಿಗೆ ಹೊಟ್ಟೆಯೊಂದೇ ಇರುವುದೆಂದು ಭಾವಿಸುವುದೂ ಒಂದು ಬಗೆಯ ತಿರಸ್ಕಾರವೇ. ತನ್ನ ಮಗನಿಗೆ ಆಟವು ಅವಶ್ಯಕವೆಂದೂ ಆಳಿನ ಮಗನಿಗೆ ಅದು ಅತಿಯೆಂದೂ ಎಣಿಸುವವನು ದಾಸೋಹದ ಸಮಭಾವವನ್ನು ಅರಿತವನಲ್ಲ.

ಇಂತಹ ಕಾರ್ಯಕ್ಕೆ ಕೊಡುವವರು ಒಂದು ಸಂಗತಿಯನ್ನು ನೆನೆಯಬೇಕು. ಕಟ್ಟಡಕ್ಕೆ ಒಮ್ಮೆ ಕೊಟ್ಟರೆ ಗೋಡೆಯ ಮೇಲೆ ಹೆಸರು ನಿಲ್ಲುವುದು. ಕುದುರೆಗಾದರೋ ಪ್ರತಿದಿನ ಮೇವು ಬೇಕು. 500 ಕಿಲೋಗ್ರಾಂ ತೂಕದ ಕುದುರೆಯು ದಿನಕ್ಕೆ ಸುಮಾರು 8ರಿಂದ 10 ಕಿಲೋಗ್ರಾಂ ಒಣಮೇವನ್ನು ತಿನ್ನುವುದು. 6ರಿಂದ 8 ವಾರಗಳಿಗೊಮ್ಮೆ ಗೊರಸು ಕತ್ತರಿಸಿ ಲಾಳ ಕಟ್ಟಿಸಬೇಕು, ಪಶುವೈದ್ಯನಿಗೂ ಕೊಡಬೇಕು. ಉತ್ಸಾಹದಿಂದ ಆರಂಭವಾಗಿ ನಡುವೆ ನಿಂತರೆ, ಏರಿಸಿದ ಮಗುವನ್ನು ಕೆಳಗಿಳಿಸಿ ಮನೆಗೆ ಕಳುಹಿದಂತಾಗುವುದು. ಹೆಸರನ್ನು ಬಯಸದೆ, ತಿಂಗಳು ತಿಂಗಳೂ ಮೇವಿಗೆಂದು ಕೊಡುವವನ ಸೇವೆಯೇ ನಿಜವಾದ ದಾಸೋಹ.